ಗಡಿಯಲ್ಲಿ ಗಾಡಿ ಕಾಯಬೇಕೆ?

ಕಳೆದ ಶ್ರಾವಣಮಾಸದಲ್ಲಿ ನನ್ನ ಪೂರ್ವಶಿಷ್ಯನೊಬ್ಬನಿಂದ ನನಗೊಂದು ಕಾಗದವು ಬಂದಿತು. ಅವನು ಈಗ ಜರ್ಮನಿ ದೇಶದ ದಕ್ಷಿಣದ ಅಂಚಿನ ಒಂದು ಊರಿನಲ್ಲಿ ಉದ್ಯೋಗದಲ್ಲಿರುವನು. ಈ ಕಾಲದಲ್ಲಿ ಕೈಯಾರೆ ಕಾಗದ ಬರೆಯುವವರೇ ಅಪರೂಪ. ಕನ್ನಡದಲ್ಲಿ, ಅದೂ ಒತ್ತಕ್ಷರ ತಪ್ಪದೆ, ನಿವೃತ್ತನಾದ ಉಪಾಧ್ಯಾಯನಿಗೆ ಬರೆಯುವವರು ಇನ್ನೂ ಅಪರೂಪ. ಆದುದರಿಂದ ಅದನ್ನು ಎರಡು ಸಲ ಓದಿದೆನು. ಕುಶಲಪ್ರಶ್ನೆಗಳಾದ ಮೇಲೆ ಅವನು ಬರೆದಿದ್ದುದು ಹೀಗೆ:

“ಗುರುಗಳೇ, ನಾನು ವಾರಕ್ಕೊಮ್ಮೆ ಗಡಿಯನ್ನು ದಾಟಿ ಸ್ವಿಟ್ಸರ್ಲೆಂಡಿಗೆ ಹೋಗಬೇಕಾಗಿದೆ. ಬಾಸೆಲ್ ಎಂಬ ಊರಿನಲ್ಲಿ ಗಾಡಿಯನ್ನು ಬದಲಿಸಬೇಕು. ಒಂದು ಗಾಡಿ ಇಳಿದು ಇನ್ನೊಂದನ್ನು ಹತ್ತಲು ಇರುವುದು ಕೆಲವೇ ನಿಮಿಷ. ಈ ಕಡೆಯ ಗಾಡಿ ತಡವಾದರೆ ಆ ಕಡೆಯ ಗಾಡಿ ನಮಗಾಗಿ ಕಾಯುವುದಿಲ್ಲ. ತಡವಾದದ್ದು ನನ್ನಿಂದಲ್ಲ, ಟಿಕೀಟಿನ ಹಣವನ್ನು ಮೊದಲೇ ತೆತ್ತಿದ್ದೇನೆ, ನಾನು ಓಡಿ ಬರುವುದು ಗಾಡಿಯವರಿಗೆ ಕಾಣಿಸುತ್ತದೆ, ಆದರೂ ಬಾಗಿಲು ಮುಚ್ಚಿಕೊಳ್ಳುತ್ತದೆ. ನಮಗೆ ರಘುವಂಶದ ಪಾಠ ಹೇಳುವಾಗ ತಾವು ಧರ್ಮಸಂಕಟವೆಂಬ ಮಾತನ್ನು ಬಿಡಿಸಿ ತಿಳಿಸಿದ್ದಿರಿ. ಇದು ಧರ್ಮವೋ ಅಧರ್ಮವೋ ದಯವಿಟ್ಟು ತಿಳಿಸಬೇಕು.”

ಪ್ರಶ್ನೆಯು ನನಗೆ ಮೊದಲು ಸುಲಭವಾಗಿ ಕಂಡಿತು. ತಪ್ಪು ಮಾಡದವನನ್ನು ಬಿಟ್ಟು ಹೋಗುವುದು ಅಧರ್ಮವೆಂದು ನಾಲ್ಕು ಸಾಲು ಬರೆದು, ಲಕೋಟೆಗೆ ಅಂಟು ಹಚ್ಚಿ, ಮರುದಿನ ಅಂಚೆಗೆ ಹಾಕುವುದೆಂದು ಗೂಡಿನಲ್ಲಿಟ್ಟೆನು. ರಾತ್ರಿ ನಿದ್ರೆ ಬರಲಿಲ್ಲ. ಮೂವತ್ತೆಂಟು ವರ್ಷಗಳ ಹಿಂದಿನ ಒಂದು ಸಂಗತಿಯು ನೆನಪಿಗೆ ಬಂದು ಆ ನಾಲ್ಕು ಸಾಲುಗಳನ್ನು ಸುಳ್ಳು ಮಾಡಿತು. ಅದನ್ನು ಮುಂದೆ ಹೇಳುವೆನು. ಕಾಗದವು ಗೂಡಿನಲ್ಲಿಯೇ ಉಳಿಯಿತು.

ಮೊದಲು ಆ ದೇಶದವರ ಪಕ್ಷವನ್ನು ಕೇಳೋಣ. ಪೂರ್ವಪಕ್ಷವನ್ನು ಚೆನ್ನಾಗಿ ಮಂಡಿಸದೆ ಸಿದ್ಧಾಂತಕ್ಕೆ ಕೈಹಾಕಬಾರದೆಂದು ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದರು. ಸ್ವಿಟ್ಸರ್ಲೆಂಡಿನವರು ೧೯೮೨ರಿಂದ ತಮ್ಮ ದೇಶದ ಗಾಡಿಗಳನ್ನೆಲ್ಲ ಒಂದು ತಾಳಕ್ಕೆ ಕಟ್ಟಿರುವರು. ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಗಾಡಿಯು ಹೊರಡುವುದು. ದೊಡ್ಡ ನಿಲ್ದಾಣಗಳಿಗೆ ಹಲವು ದಿಕ್ಕಿನ ಗಾಡಿಗಳು ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಬಂದು ಸೇರಿ, ಜನರು ಅದಲುಬದಲಾದ ಮೇಲೆ ಸ್ವಲ್ಪ ಹೊತ್ತಿಗೇ ಮತ್ತೆ ಚದುರುವುವು. ನಮ್ಮೂರ ಜಡೆಕೋಲಾಟವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ಸುತ್ತುವವರಲ್ಲಿ ಒಬ್ಬನು ಅರೆಹೆಜ್ಜೆ ತಡೆದರೆ ಅವನ ಹಗ್ಗವೊಂದೇ ಅಲ್ಲ, ಇಡೀ ಜಡೆಯೇ ಗಂಟಾಗುವುದು. ನೆರೆಯ ದೇಶದ ಗಾಡಿಯ ವಿಳಂಬವನ್ನು ಒಳಕ್ಕೆ ಬಿಟ್ಟುಕೊಂಡರೆ ತಮ್ಮ ಜಡೆಯು ಕೆಡುವುದೆಂದು ಅವರು ಹೇಳುವರು. ಅದಕ್ಕಾಗಿಯೇ, ಜರ್ಮನಿಯಿಂದ ಬಹಳ ತಡವಾಗಿ ಬರುವ ದೂರದ ಗಾಡಿಯ ಓಟವನ್ನು ಕೆಲವು ಸಲ ಬಾಸೆಲ್‌ನಲ್ಲಿಯೇ ಮುಗಿಸಿ, ಮುಂದಿನ ದಾರಿಗೆ ತಮ್ಮದೇ ಗಾಡಿಯನ್ನು ಹೊತ್ತಿಗೆ ಸರಿಯಾಗಿ ಬಿಡುವುದುಂಟು.

ಇದರಲ್ಲಿ ಕ್ರೌರ್ಯವಿಲ್ಲ, ಲೆಕ್ಕವಿದೆ. ಆದರೆ ಮುಚ್ಚಿದ ಬಾಗಿಲಿನ ಮುಂದೆ ನಿಂತವನಿಗೆ ಲೆಕ್ಕವು ಕ್ರೌರ್ಯದಂತೆಯೇ ತೋರುವುದು.

ಗಡಿಯೆಂಬುದು ನಮ್ಮ ಸೀಮೆಗೂ ಹೊಸದಲ್ಲ. ಕಮಲಾಪುರದಿಂದ ವಿಠ್ಠಲ ದೇವಾಲಯದ ದಾರಿ ಹಿಡಿದು ತಳವಾರಘಟ್ಟಕ್ಕೆ ಹೋಗಿ, ಹರಿಗೋಲು ಹತ್ತಿ ಆಚೆ ಇಳಿದರೆ ಆನೆಗೊಂದಿ. ೧೯೪೮ರ ಸೆಪ್ಟೆಂಬರಿನ ವರೆಗೆ ಈಚೆಯ ದಡವು ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆ, ಆಚೆಯ ದಡವು ನಿಜಾಮರ ರಾಜ್ಯ. ಈಚೆ ಒಂದು ನಾಣ್ಯ, ಆಚೆ ಹಾಲಿ ಸಿಕ್ಕಾ. ಆಚೆಯ ಸುಂಕಕ್ಕೆ ಕರೋಡಗಿರಿ ಎಂದು ಹೆಸರು. ದಕ್ಷಿಣಕ್ಕೆ ಬೆಟ್ಟ ದಾಟಿದರೆ ಘೋರ್ಪಡೆಯವರ ಸಂಡೂರು ಸಂಸ್ಥಾನ. ಎಲ್ಲ ಕಡೆಯೂ ಮಾತು ಕನ್ನಡವೇ. ಆದರೆ ಬೀಗರ ಮನೆಗೆ ಹೋಗಬೇಕಾದರೆ ಒಂದು ಸರಕಾರವನ್ನು ಬಿಟ್ಟು ಇನ್ನೊಂದಕ್ಕೆ ಕಾಲಿಡಬೇಕಾಗಿತ್ತು.

ಆ ಹರಿಗೋಲಿನವನು ಜನ ತುಂಬುವವರೆಗೆ ಹುಟ್ಟು ಹಾಕುತ್ತಿರಲಿಲ್ಲ. ದಂಡೆಯ ಮೇಲೆ ಬುಟ್ಟಿ ಹೊತ್ತು ಯಾರಾದರೂ ಓಡಿ ಬರುವುದು ಕಂಡರೆ, ಬಿಟ್ಟ ಹರಿಗೋಲನ್ನೂ ಮತ್ತೆ ದಡಕ್ಕೆ ತಿರುಗಿಸುತ್ತಿದ್ದನು. ನನ್ನ ಬಾಲ್ಯದಲ್ಲಿ ಗಡಿಯು ಅಳಿಸಿಹೋಗಿದ್ದರೂ ಈ ಪದ್ಧತಿಯು ಹಾಗೆಯೇ ಇತ್ತು. ನಾನೇ ಎಷ್ಟೋ ಸಲ ಕಂಡಿದ್ದೇನೆ. ಒಳಗೆ ಕುಳಿತವರು ಒಂದೆರಡು ಮಾತು ಗೊಣಗಿದರೂ ಯಾರೂ ಅದನ್ನು ವಿಳಂಬವೆಂದು ಎಣಿಸುತ್ತಿರಲಿಲ್ಲ. ಏಕೆಂದರೆ ಇಷ್ಟು ಹೊತ್ತಿಗೆ ಬಿಡುವೆನೆಂದು ಅವನು ಯಾರಿಗೂ ಮಾತು ಕೊಟ್ಟಿರಲಿಲ್ಲ. ರೈಲಿನ ವೇಳಾಪಟ್ಟಿಯಾದರೋ ಅಚ್ಚುಹಾಕಿಸಿ ಗೋಡೆಗೆ ಅಂಟಿಸಿದ ಮಾತು. ಅದನ್ನು ನಂಬಿ ಒಬ್ಬನು ಹೊಲದ ಕೆಲಸ ಬಿಟ್ಟು ಬರುವನು, ಇನ್ನೊಬ್ಬನು ಮದುವೆಯ ಮುಹೂರ್ತ ಗೊತ್ತುಮಾಡುವನು. ಹರಿಗೋಲಿನವನ ಕರುಣೆಯನ್ನು ರೈಲಿನ ಗಾರ್ಡಿನಿಂದ ಹಾಗೆಯೇ ನಿರೀಕ್ಷಿಸುವವರು ಈ ಭೇದವನ್ನು ಮರೆಯುವರು.

ಇನ್ನು ರೈಲಿನ ಗಡಿಯ ವಿಷಯ. ಯೂರೋಪಿನ ಎರಡು ರಾಜ್ಯಗಳ ನಡುವಣ ಗಡಿಯೊಂದು ಕನ್ನಡ ನಾಡಿನ ಅಡವಿಯಲ್ಲಿಯೇ ಇದ್ದಿತೆಂಬುದನ್ನು ಈಗಿನ ಹುಡುಗರು ಬಲ್ಲರೋ ಇಲ್ಲವೋ. ಇಂಗ್ಲಿಷರಿಗೂ ಪೋರ್ಚುಗೀಸರಿಗೂ ೧೮೭೮ರಲ್ಲಿ ಒಂದು ಒಪ್ಪಂದವಾಯಿತು. ಅದರ ಫಲವಾಗಿ ಮರ್ಮಗೋವಾ ಬಂದರದಿಂದ ಘಟ್ಟ ಹತ್ತಿ ಬರುವ ರೈಲುದಾರಿಯು ೧೮೮೮ರಲ್ಲಿ ಕ್ಯಾಸಲ್ ರಾಕ್ ಎಂಬಲ್ಲಿ ಈ ಕಡೆಯ ದಾರಿಗೆ ಕೂಡಿತು. ಹೊಸಪೇಟೆಯಲ್ಲಿ ಹೊರಟವನು ಮೊದಲು ಮದರಾಸು ಇಲಾಖೆಯಲ್ಲಿರುವನು. ತುಂಗಭದ್ರೆಯ ಸೇತುವೆ ದಾಟಿ ಮುನಿರಾಬಾದು, ಕೊಪ್ಪಳಗಳಿಗೆ ಬಂದರೆ ನಿಜಾಮರ ಸೀಮೆ. ಗದಗು, ಹುಬ್ಬಳ್ಳಿ, ಧಾರವಾಡ, ಲೋಂಡಾಗಳಲ್ಲಿ ಮುಂಬಯಿ ಇಲಾಖೆ. ಕೊನೆಗೆ ಕಾಡಿನ ನಡುವೆ ಕ್ಯಾಸಲ್ ರಾಕ್. ಅಲ್ಲಿಂದಾಚೆ ದೂಧಸಾಗರದ ಜಲಪಾತವನ್ನು ಹಾಯ್ದು ಇಳಿದರೆ ಪೋರ್ಚುಗೀಸರ ಗೋವೆ. ಕ್ಯಾಸಲ್ ರಾಕ್‌ನಲ್ಲಿ ಇಂಗ್ಲಿಷರ ಸುಂಕದವರು, ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರ ಸುಂಕದವರು. ಒಂದೇ ಗಂಟನ್ನು ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಬೇಕು.

ನನ್ನ ತೀರ್ಥರೂಪರು ತಮ್ಮ ಹರೆಯದಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚೆ, ಹೊಸಪೇಟೆಯ ಒಬ್ಬ ವರ್ತಕರ ಲೆಕ್ಕಪತ್ರಗಳನ್ನು ಹಿಡಿದು ಆ ದಾರಿಯಲ್ಲಿ ಒಮ್ಮೆ ಹೋಗಿದ್ದರು. ಆ ಪ್ರಯಾಣದ ಕಥೆಯನ್ನು ಮಳೆಗಾಲದ ರಾತ್ರಿಗಳಲ್ಲಿ ನಮಗೆ ಹೇಳುತ್ತಿದ್ದರು. ಅವರು ಬಂದರದಲ್ಲಿ ಒಂದು ಹಡಗನ್ನು ಹಿಡಿಯಬೇಕಾಗಿತ್ತಂತೆ. ಗಾಡಿ ಹೊತ್ತಿಗೆ ಮುಟ್ಟಿದರೆ ಮಾತ್ರ ಹಡಗು. ಗಡಿಯಲ್ಲಿ ತಪಾಸಣೆಯವರು ತಮ್ಮ ಕೆಲಸವನ್ನು ತಮ್ಮ ವೇಗದಲ್ಲಿ ಮಾಡುತ್ತಿದ್ದರು. ಸಾಲಿನಲ್ಲಿ ತಂದೆಯವರ ಮುಂದೆ ಒಬ್ಬ ಅಡಿಗೆಯವನು ನಿಂತಿದ್ದನು. ಹುಬ್ಬಳ್ಳಿಯಲ್ಲಿ ದುಡಿದು ಗೋವೆಯ ತನ್ನ ಹಳ್ಳಿಗೆ ಹೊರಟವನು. ಅವನ ಗಂಟಿಗೆ ಆರು ಕಡೆ ಕಗ್ಗಂಟು. ಬಿಚ್ಚಲು ಬೆರಳು ನಡುಗುತ್ತಿತ್ತು. ಹಿಂದಿನವರೆಲ್ಲ ಅವನನ್ನು ಬಯ್ಯತೊಡಗಿದರು. ತಂದೆಯವರೂ ಬಯ್ದರಂತೆ. ಅದನ್ನು ಹೇಳುವಾಗಲೆಲ್ಲ ಅವರು ಸ್ವಲ್ಪ ಹೊತ್ತು ಸುಮ್ಮನಾಗಿ, “ಆ ಗೆರೆ ಎಳೆದವರು ಲಂಡನ್ನಿನಲ್ಲಿಯೋ ಲಿಸ್ಬನ್ನಿನಲ್ಲಿಯೋ ಕೂತಿದ್ದರಪ್ಪಾ. ನಾವು ಬಯ್ದದ್ದು ಗಂಟು ಬಿಚ್ಚಲಾರದ ಅಡಿಗೆಯವನನ್ನು” ಎನ್ನುತ್ತಿದ್ದರು. ಹಡಗು ಸಿಕ್ಕಿತೇ ಎಂದು ನಾವು ಕೇಳಿದರೆ, ಸಿಕ್ಕಿತು, ಅದೇ ಮೂರು ಗಂಟೆ ತಡವಾಗಿ ಹೊರಟಿತು ಎಂದು ನಗುತ್ತಿದ್ದರು.

ಆ ಗಡಿಗಳು ಒಂದೊಂದಾಗಿ ಅಳಿದುವು. ಬಳ್ಳಾರಿಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ೧೯೫೬ರ ನವೆಂಬರ್ ೧ರಂದು ಕೊಪ್ಪಳ, ಗದಗು, ಹುಬ್ಬಳ್ಳಿಗಳೂ ಕೂಡಿಕೊಂಡುವು. ಗೋವೆಯ ಗಡಿಯು ಮಾತ್ರ ೧೯೫೫ರಲ್ಲಿ ಮುಚ್ಚಿ, ಗಾಡಿಯ ಓಡಾಟವೇ ನಿಂತು, ೧೯೬೧ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಆಳಿಕೆಯು ಕೊನೆಗೊಂಡ ಮೇಲೆ ತೆರೆಯಿತು. ಈಗ ಹೊಸಪೇಟೆಯಲ್ಲಿ ಹತ್ತಿದವನು ಕ್ಯಾಸಲ್ ರಾಕ್‌ನಲ್ಲಿ ಗಂಟು ಬಿಚ್ಚದೆ ನಿದ್ರಿಸುತ್ತಲೇ ಗೋವೆಯನ್ನು ಸೇರಬಹುದು.

ಹಿಂದೆ ಕಾಲವೇ ಒಂದಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ೧೯೦೬ಕ್ಕೆ ಮುಂಚೆ ರೈಲಿನವರು ಮದರಾಸಿನ ಕಾಲವನ್ನು ಹಿಡಿದು ಗಾಡಿ ಓಡಿಸುತ್ತಿದ್ದರು. ಊರಿನವರು ತಮ್ಮ ಸೂರ್ಯನನ್ನು ನೋಡಿ ಹೊರಡುತ್ತಿದ್ದರು. ದೇಶಕ್ಕೆಲ್ಲ ಒಂದು ಕಾಲವೆಂದು ಗೊತ್ತಾದ ಮೇಲೂ ಮುಂಬಯಿ ನಗರವು ಮೂವತ್ತೊಂಬತ್ತು ನಿಮಿಷ ಹಿಂದಿನ ತನ್ನ ಹಳೆಯ ಕಾಲವನ್ನು ಬಹುದಿನ ಬಿಡಲಿಲ್ಲ. ಗಡಿಯಾರಗಳೇ ಜಗಳವಾಡುವಲ್ಲಿ ಯಾರು ತಡ, ಯಾರು ಮುಂಚೆ ಎಂದು ಯಾರು ತೀರ್ಪು ಹೇಳಬೇಕು?

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನಾದರೂ ಹೇಳಿರುವರೇ ಎಂದು ಹುಡುಕಿದೆನು. ಮೈಸೂರಿನ ಪಂಡಿತ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯುಂಟು. ಜನಪದವನ್ನು ಹೊಗುವವನೂ ಬಿಡುವವನೂ ಅವನಿಂದ ಮುದ್ರೆಯನ್ನು ಪಡೆಯಬೇಕು, ಮುದ್ರೆಯಿಲ್ಲದವನಿಗೆ ದಂಡ. ನದಿ ದಾಟಿಸುವುದನ್ನು ನೋಡಿಕೊಳ್ಳಲು ನಾವಧ್ಯಕ್ಷನುಂಟು. ರೋಗಿಗಳು, ಮುದುಕರು, ಬಾಲರು, ಗರ್ಭಿಣಿಯರು ಮುಂತಾದವರು ಕೂಲಿ ಕೊಡದೆ ದಾಟಬಹುದೆಂದು ಅಲ್ಲಿ ಹೇಳಿದೆ. ಅದಕ್ಕಿಂತ ನನ್ನ ಗಮನವನ್ನು ಸೆಳೆದುದು ಬೇರೊಂದು ವಿಧಿ. ಆಳುಗಳು ಸಾಲದೆ, ಉಪಕರಣಗಳು ಸಾಲದೆ, ಅಥವಾ ದುರಸ್ತಿಯಿಲ್ಲದೆ ನಾವೆಯು ಕೆಟ್ಟರೆ, ನಷ್ಟವಾದುದನ್ನು ನಾವಧ್ಯಕ್ಷನೇ ತುಂಬಿಕೊಡಬೇಕು. ಅಂದರೆ ದಾಟಿಸುವೆನೆಂದು ಕೂಲಿ ಪಡೆದವನು ದಾರಿಯಲ್ಲಿ ಆದ ಹಾನಿಗೆ ಹೊಣೆ. ಯೂರೋಪಿನ ಒಕ್ಕೂಟದ ಈಗಿನ ನಿಯಮವೂ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ. ತಲಪುವುದು ಒಂದು ಗಂಟೆ ತಡವಾದರೆ ಸಾಮಾನ್ಯವಾಗಿ ಟಿಕೀಟಿನ ಹಣದ ಕಾಲುಭಾಗ, ಎರಡು ಗಂಟೆಯಾದರೆ ಅರ್ಧಭಾಗ ಹಿಂದಕ್ಕೆ ಬರುವುದು. ಆದರೆ ಇಡೀ ದಾರಿಗೆ ಒಂದೇ ಟಿಕೀಟು ಕೊಂಡವನಿಗೆ ಮಾತ್ರ ನಡುವಣ ಜೋಡಣೆಯ ಹೊಣೆಯನ್ನು ರೈಲಿನವರು ಹೊರುವರು. ಎರಡು ತುಂಡು ಟಿಕೀಟು ಕೊಂಡವನು ಗಡಿಯಲ್ಲಿ ಗಾಡಿ ತಪ್ಪಿದರೆ, ಈಚೆಯವನು ‘ನಾನು ಇಲ್ಲಿಯವರೆಗೆ ತಂದೆ’ ಎನ್ನುವನು, ಆಚೆಯವನು ‘ನೀನು ಹೊತ್ತಿಗೆ ಬರಲಿಲ್ಲ’ ಎನ್ನುವನು. ಇಬ್ಬರದೂ ನಿಜ. ನಡುವೆ ನಿಂತವನು ಯಾರ ಲೆಕ್ಕಕ್ಕೂ ಸೇರನು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಗಾಡಿ ಬದಲಿಸಲು ಹತ್ತೇ ನಿಮಿಷವಿದ್ದರೆ, ಆ ಹತ್ತು ನಿಮಿಷವನ್ನು ಆರಿಸಿಕೊಂಡವರು ಯಾರು? ಇದರ ಹಿಂದಿನ ಗಾಡಿಯಲ್ಲಿ ಬಂದಿದ್ದರೆ ಅವನಿಗೆ ಒಂದು ಗಂಟೆ ಹೆಚ್ಚು ಸಿಕ್ಕುತ್ತಿತ್ತಲ್ಲವೇ? ಆತುರವನ್ನು ತಾನೇ ಕೊಂಡವನು ಅದರ ಅಪಾಯವನ್ನು ಇನ್ನೊಬ್ಬರ ಮೇಲೆ ಹೊರಿಸಬಹುದೇ?

ಇಲ್ಲಿ ನನಗೆ ಋತುಪರ್ಣರಾಜನ ಪ್ರಯಾಣವು ನೆನಪಾಗುವುದು. ಕನಕದಾಸರ ದೆಸೆಯಿಂದ ನಳನ ಕಥೆಯನ್ನು ಕನ್ನಡಿಗರು ಮನೆಮನೆಯಲ್ಲಿ ಬಲ್ಲರು. ಆದರೆ ವನಪರ್ವದಲ್ಲಿ ಬರುವ ಈ ರಥಯಾತ್ರೆಯ ಸೊಗಸೇ ಬೇರೆ. ನಾಳೆ ಸೂರ್ಯೋದಯಕ್ಕೆ ದಮಯಂತಿಯ ಎರಡನೆಯ ಸ್ವಯಂವರವೆಂಬ ಸುದ್ದಿ ಅಯೋಧ್ಯೆಗೆ ಮುಟ್ಟುವುದು. ಒಂದೇ ಹಗಲಿನಲ್ಲಿ ವಿದರ್ಭವನ್ನು ಸೇರಬೇಕು. ಬಾಹುಕನ ವೇಷದಲ್ಲಿದ್ದ ನಳನು ಕುದುರೆಗಳನ್ನು ಬಿಡುವನು. ರಾಜನ ಉತ್ತರೀಯವು ಜಾರಿಬೀಳುವುದು. ನಿಲ್ಲಿಸೆಂದು ಕೇಳುವ ಹೊತ್ತಿಗೆ ಅದು ಒಂದು ಯೋಜನ ಹಿಂದೆ ಉಳಿದಿರುವುದು. ರಾಜನ ವಸ್ತ್ರಕ್ಕಾಗಿ ರಥವು ನಿಲ್ಲುವುದಿಲ್ಲ. ಆದರೆ ಅದೇ ರಾಜನು ತಾರೆಯ ಮರವೊಂದರ ಎಲೆಕಾಯಿಗಳ ಲೆಕ್ಕವನ್ನು ನೋಡಿದ ಮಾತ್ರದಲ್ಲಿ ಹೇಳಿದಾಗ, ಬಾಹುಕನು ರಥವನ್ನು ನಿಲ್ಲಿಸಿ, ಇಳಿದು, ಎಣಿಸಿ ನೋಡುವೆನೆಂದು ಹಟ ಹಿಡಿಯುವನು. ಹೊತ್ತಿಲ್ಲವೆಂದು ರಾಜನು ಬೇಡಿಕೊಳ್ಳುವನು. ಅವಸರವಿದ್ದರೆ ವಾರ್ಷ್ಣೇಯನು ರಥ ನಡೆಸಲಿ, ದಾರಿ ಚೆನ್ನಾಗಿದೆ ಎಂದು ಬಾಹುಕನು ಹೇಳುವನು! ಅಯೋಧ್ಯೆಯ ದೊರೆಯು ಒಬ್ಬ ಸಾರಥಿಯ ಮುಂದೆ ಆ ಗಳಿಗೆಯಲ್ಲಿ ನಮ್ಮ ಹಾಗೆಯೇ ಒಬ್ಬ ಬಡ ಪ್ರಯಾಣಿಕನು. ಕಡೆಗೆ ರಥವು ನಿಲ್ಲುವುದು, ಎಣಿಕೆ ನಡೆಯುವುದು, ರಾಜನು ಅಕ್ಷಹೃದಯವನ್ನು ಕೊಡುವನು, ನಳನ ಮೈಯಿಂದ ಕಲಿಯು ಹೊರಬೀಳುವನು. ಸಂಜೆಗೆ ಕುಂಡಿನಪುರವನ್ನು ಸೇರಿದರೆ ಅಲ್ಲಿ ಸ್ವಯಂವರದ ಸುಳಿವೇ ಇಲ್ಲ. ಒಬ್ಬ ರಾಜನೂ ಬಂದಿಲ್ಲ. ತಮಗೆ ವಂದನೆ ಹೇಳಿಹೋಗಲು ಬಂದೆನೆಂದು ಋತುಪರ್ಣನು ಭೀಮರಾಜನ ಮುಂದೆ ಸುಳ್ಳು ಹೇಳಿ ಪಾರಾಗುವನು.

ಇದನ್ನು ಪಾಠ ಹೇಳುವಾಗಲೆಲ್ಲ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆನು. ಆದರೆ ರಥದಲ್ಲಿ ಇದ್ದವರು ಮೂವರೇ. ನಿಂತ ಹೊತ್ತಿನ ನಷ್ಟವನ್ನು ಅನುಭವಿಸಬೇಕಾದವನು ರಾಜನೊಬ್ಬನೇ. ಅವನೇ ಕೊನೆಗೆ ಒಪ್ಪಿ ನಿಲ್ಲಿಸಿದನು. ರೈಲುಗಾಡಿಯಲ್ಲಿ ಇರುವವರು ನೂರಾರು ಜನ. ನಿಲ್ಲಿಸೆಂದು ಕೇಳುವವನಿಗೆ ಅವರ ಮುಖ ಕಾಣದು, ಹೆಸರು ತಿಳಿಯದು, ಅವರೊಡನೆ ಒಪ್ಪಿಗೆ ಕೇಳುವ ದಾರಿಯೂ ಇಲ್ಲ. ನನ್ನ ಸಂಗತಿಗೆ ಈಗ ಬರುವೆನು.

೧೯೮೭ರ ಮಾಘಮಾಸ. ಆಗ ನಮ್ಮ ಕಡೆ ಇನ್ನೂ ಮೀಟರ್ ಗೇಜಿನ ದಾರಿ. ನನ್ನ ತಂಗಿಗೆ ಗಂಡುಮಗುವಾಗಿ ತೊಟ್ಟಿಲು ಹಾಕುವ ಶುಭಕಾರ್ಯವಿತ್ತು. ನನ್ನ ಮಾತೃಶ್ರೀಯವರನ್ನು ಕರೆದುಕೊಂಡು ಹೊರಟಿದ್ದೆನು. ಅವರಿಗೆ ಅರವತ್ತು ದಾಟಿತ್ತು, ಮಂಡಿನೋವು ಬೇರೆ. ನಡುವೆ ಒಂದು ದೊಡ್ಡ ಜಂಕ್ಷನ್ನಿನಲ್ಲಿ (ಹೆಸರು ಬೇಡ) ಗಾಡಿ ಬದಲಿಸಬೇಕಾಗಿತ್ತು. ಹೊಸಪೇಟೆಯಿಂದ ಬೆಳಗಿನ ಗಾಡಿಗೆ ಹೋದರೆ ಅಲ್ಲಿ ನಾಲ್ಕು ಗಂಟೆ ಬಿಡುವು. ಮಧ್ಯಾಹ್ನದ ಗಾಡಿಗೆ ಹೋದರೆ ನಲವತ್ತೇ ನಿಮಿಷ. ನಾನು ಮಧ್ಯಾಹ್ನದ್ದನ್ನು ಆರಿಸಿದೆನು. ಅಮ್ಮನು ನಾಲ್ಕು ಗಂಟೆ ಕಲ್ಲುಬೆಂಚಿನ ಮೇಲೆ ಕುಳಿತಿರಬಾರದೆಂದು ಎಲ್ಲರಿಗೂ ಹೇಳಿದೆನು. ನಿಜವಾದ ಕಾರಣವೇನೆಂದರೆ, ಬೆಳಗಿನ ಎರಡು ತರಗತಿಗಳನ್ನು ಮುಗಿಸಿ ಹೊರಟರೆ ನನಗೆ ಅರ್ಧ ದಿನದ ರಜೆ ಉಳಿಯುತ್ತಿತ್ತು.

ನಮ್ಮ ಗಾಡಿಯು ಎದುರು ಗಾಡಿಗೆ ದಾರಿ ಬಿಡಲು ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತದ್ದು ಏಳಲೇ ಇಲ್ಲ. ಜಂಕ್ಷನ್ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ನಾವು ಹಿಡಿಯಬೇಕಾದ ಗಾಡಿಗೆ ಸಿಗ್ನಲ್ ಬಿದ್ದಿತ್ತು. ನಡುವೆ ಮೇಲುಸೇತುವೆ. ಅಮ್ಮನನ್ನು ಮೆಟ್ಟಿಲ ನಡುವೆಯೇ ಬಿಟ್ಟು, ಹಾಸಿಗೆ ಸುರುಳಿಯನ್ನು ಬಗಲಿಗಿಟ್ಟುಕೊಂಡು ಓಡಿದೆನು. ಗಾರ್ಡಿನ ಕೈಯನ್ನೇ ಹಿಡಿದುಕೊಂಡು, “ಸ್ವಾಮಿ, ನಮ್ಮ ತಾಯಿ ಮೆಟ್ಟಿಲ ಮೇಲೆ ಇದ್ದಾರೆ” ಎಂದೆನು. ಆ ಪುಣ್ಯಾತ್ಮನು ತಲೆಯೆತ್ತಿ ನೋಡಿದನು. ಬಿಳಿಯ ಸೀರೆಯ ಮುದುಕಿಯೊಬ್ಬಳು ಕಟಕಟೆಯನ್ನು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಅವನು ಹಸಿರು ಬಾವುಟವನ್ನು ಸುತ್ತಿ ಕಂಕುಳಿಗೆ ಇಟ್ಟುಕೊಂಡನು. ಸ್ಟೇಷನ್ನಿನ ಗಡಿಯಾರದಲ್ಲಿ ಒಂಬತ್ತು ನಿಮಿಷ ಕಳೆಯಿತು. ಒಬ್ಬ ಹಮಾಲನು ಹಣ ಕೇಳದೆ ಅಮ್ಮನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದನು.

ನನಗಾದ ಹಿಗ್ಗನ್ನು ಹೇಳಲಾರೆ. ಲೋಕದಲ್ಲಿ ದಯೆಯು ಇನ್ನೂ ಇದೆಯೆಂದು ಸಹಪ್ರಯಾಣಿಕರ ಮುಂದೆ ಒಂದು ಸಣ್ಣ ಉಪನ್ಯಾಸವನ್ನೇ ಮಾಡಿದೆನು. ಅಮ್ಮನು ಗಂಟು ಬಿಚ್ಚಿ ಎಲ್ಲರಿಗೂ ಎಳ್ಳುಂಡೆ ಹಂಚಿದರು. ಎದುರಿಗೆ ರುಮಾಲು ಸುತ್ತಿದ ಒಬ್ಬ ಹಿರಿಯನು ಕುಳಿತಿದ್ದನು, ಒಕ್ಕಲಿಗನಿರಬೇಕು. ಅವನು ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದನು; ಗಳಿಗೆಗೊಮ್ಮೆ ಪಕ್ಕದವನ ಕೈಗಡಿಯಾರವನ್ನು ನೋಡುತ್ತಿದ್ದನು. ಯಾಕಪ್ಪಾ ತಿನ್ನಲಿಲ್ಲ ಎಂದು ಅಮ್ಮನು ಕೇಳಿದರು. ಮುಂದಿನ ಜಂಕ್ಷನ್ನಿನಲ್ಲಿ ಅವನಿಗೂ ಒಂದು ಗಾಡಿ ಸಿಕ್ಕಬೇಕಾಗಿತ್ತು. ನಡುವೆ ಹನ್ನೆರಡು ನಿಮಿಷವಿದ್ದದ್ದು ಈಗ ಮೂರಕ್ಕೆ ಬಂದಿತ್ತು. ಅವನ ಅಣ್ಣನು ಆಸ್ಪತ್ರೆಯಲ್ಲಿದ್ದನು. ಬೇಗ ಬರಬೇಕೆಂದು ಅಣ್ಣನ ಮಗನು ತಂತಿ ಕೊಟ್ಟಿದ್ದನು. “ನನ್ನ ಹಾದಿ ಕಾಯಾಕತ್ಯಾನಂತ, ತಾಯಿ. ಅಲ್ಲಿ ಗಾಡಿ ಯಾಕ ನಿಂತಿತೋ ಏನೋ” ಎಂದನು.

ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆನು. ಮಾತನಾಡಿದವರು ಅಮ್ಮನೇ. “ನಮಗಾಗಿ ನಿಂತಿತಪ್ಪಾ. ನಾನು ಮೆಟ್ಟಿಲು ಇಳಿಯುವುದು ತಡವಾಯಿತು” ಎಂದರು. ಅವನು ಅಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದನು. “ಹೋಗಲಿ ಬಿಡವ್ವಾ. ನಿನ್ನ ಬಿಟ್ಟು ಬರಾಕ ಆಗತಿತ್ತೇನು?” ಎಂದು ಹೇಳಿ ಎಳ್ಳುಂಡೆಯನ್ನು ತಿಂದನು. ಗಾಡಿಯು ನಿಲ್ಲುವ ಮೊದಲೇ ಅವನು ಬಾಗಿಲಲ್ಲಿ ನಿಂತಿದ್ದನು. ಆಚೆಯ ಹಳಿಯ ಮೇಲೆ ಕೆಂಪು ದೀಪವೊಂದು ದೂರವಾಗುತ್ತಿತ್ತು. ಮುಂದಿನ ಗಾಡಿ ಬೆಳಗಿನ ಜಾವಕ್ಕೆಂದು ಯಾರೋ ಹೇಳಿದರು. ನಮ್ಮ ಗಾಡಿಯು ಹೊರಟಾಗ ಅವನು ದೀಪದ ಕಂಬದ ಕೆಳಗೆ ತನ್ನ ಗಂಟಿನ ಮೇಲೆ ಕುಳಿತಿದ್ದನು.

ಅವನು ಅಣ್ಣನನ್ನು ಕಂಡನೋ ಇಲ್ಲವೋ ನಾನರಿಯೆ. ಅಮ್ಮನು ತಮ್ಮ ಕಡೆಯ ವರ್ಷಗಳಲ್ಲಿ ಎಷ್ಟೋ ಹೆಸರುಗಳನ್ನು ಮರೆತಿದ್ದರೂ, ಆ ಯಜಮಾನ ಏನಾದನೋ ಎಂದು ಆಗಾಗ ಕೇಳುತ್ತಿದ್ದರು.

ಗಾರ್ಡನ್ನು ನಾನು ಈಗಲೂ ಪುಣ್ಯಾತ್ಮನೆಂದೇ ಕರೆಯುವೆನು. ಅವನ ಕಣ್ಣಿಗೆ ಬಿದ್ದವರು ಅಮ್ಮ; ರುಮಾಲಿನವನು ಬೀಳಲಿಲ್ಲ. ಹರಿಗೋಲಿನವನಿಗೆ ದಂಡೆಯ ಮೇಲೆ ಓಡುವವನು ಕಾಣುವನು, ಒಳಗೆ ಕುಳಿತವರೂ ಕಾಣುವರು. ಗಾರ್ಡಿಗೆ ಮೇಲುಸೇತುವೆ ಮಾತ್ರ ಕಾಣುವುದು. ಆದರೆ ಕೇಳಿದವನು ನಾನು. ಆ ಒಂಬತ್ತು ನಿಮಿಷವು ಗಾರ್ಡಿನದಲ್ಲ, ನನ್ನದಲ್ಲ. ಅರ್ಧ ದಿನದ ರಜೆಯನ್ನು ನಾನು ಉಳಿಸಿಕೊಂಡೆನು; ಅದರ ಬೆಲೆಯನ್ನು ಅವನು ತೆತ್ತನು.

ಹಾಗೆಂದು ಗಾಡಿಯು ನಿಲ್ಲಬಾರದಾಗಿತ್ತೆಂದು ಹೇಳಲೂ ನನ್ನಿಂದಾಗದು. ನಿಲ್ಲದೆ ಹೋಗಿದ್ದರೆ ಮಾಘದ ಚಳಿಯಲ್ಲಿ ರಾತ್ರಿಯೆಲ್ಲ ಕಲ್ಲಿನ ಮೇಲೆ ಕುಳಿತಿರಬೇಕಾದವರು ಅಮ್ಮ. ರಜೆ ಉಳಿಸಿದವರು ಅವರಲ್ಲ. ತಪ್ಪು ಮಾಡಿದವನ ಮೇಲೆ ಮಾತ್ರ ಬೀಳುವಂತೆ ವಿಳಂಬವನ್ನು ಹಂಚಿಕೊಡುವ ಸ್ಟೇಷನ್ ಮಾಸ್ತರನು ಎಲ್ಲಿಯೂ ಇಲ್ಲ. ನಮ್ಮ ಮನೆಯ ಜಗುಲಿಯಿಂದ ಮಾಲ್ಯವಂತ ಬೆಟ್ಟವು ಕಾಣುವುದು. ಸುಗ್ರೀವನ ಮಾತನ್ನು ನಂಬಿ ಶ್ರೀರಾಮನು ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಕಾದನೆಂದು ನಮ್ಮ ಊರಿನವರ ನಂಬಿಕೆ. ಕಾಲ ಮೀರಿದವನು ಸುಗ್ರೀವನು; ಆದರೆ ಮುಂದೆ ಒಂದು ತಿಂಗಳ ಗಡುವು ತೆತ್ತವರು ಅಂಗದನೇ ಮೊದಲಾದ ವಾನರರು. ಸ್ವಯಂಪ್ರಭೆಯ ಬಿಲದಲ್ಲಿ ದಾರಿ ತಪ್ಪಿ ದಿನ ಕಳೆದುಹೋದಾಗ, ತಡವಾಗಿ ಹಿಂದಿರುಗುವುದಕ್ಕಿಂತ ಉಪವಾಸವಿದ್ದು ಸಾಯುವುದೇ ಲೇಸೆಂದು ಅವರು ಸಮುದ್ರತೀರದಲ್ಲಿ ಕುಳಿತರು. ತಾನು ನಾಲ್ಕು ತಿಂಗಳು ಸುಖದಲ್ಲಿ ಮೈಮರೆತವನು ಇತರರಿಗೆ ಒಂದು ದಿನದ ರಿಯಾಯಿತಿಯನ್ನೂ ಇಟ್ಟಿರಲಿಲ್ಲವೆಂಬುದು ನನಗೆ ಚಿಕ್ಕಂದಿನಿಂದಲೂ ಕೊರೆಯುವ ಮಾತು.

ಗೂಡಿನಲ್ಲಿದ್ದ ಕಾಗದವನ್ನು ಹರಿದುಹಾಕಿ ಮೊನ್ನೆ ಹೊಸದೊಂದನ್ನು ಬರೆದೆನು. ಕಾಯದೆ ಹೋಗುವುದು ಅಧರ್ಮವೆಂದು ಬರೆಯಲಿಲ್ಲ. ನಿಮ್ಮ ಊರಿನಲ್ಲಿ ತಪ್ಪಿದ ಗಾಡಿಯ ಹಿಂದೆ ಮುಂದಿನದು ಎಷ್ಟು ಹೊತ್ತಿಗೆ ಬರುವುದೆಂದು ಅವನನ್ನೇ ಕೇಳಿದೆನು. ಅರ್ಧ ಗಂಟೆಗೋ ಗಂಟೆಗೋ ಬರುವುದಾದರೆ, ಹಳೆಯ ಟಿಕೀಟಿನಲ್ಲಿಯೇ ಹತ್ತಿಸಿಕೊಳ್ಳುವುದಾದರೆ, ಬಾಗಿಲು ಮುಚ್ಚಿದವರನ್ನು ದೂರಬೇಡ. ಒಳಗೆ ಒಬ್ಬ ರುಮಾಲಿನವನು ಕುಳಿತಿರಬಹುದು ಎಂದು ಬರೆದೆನು. ಅದು ರಾತ್ರಿಯ ಕಡೆಯ ಗಾಡಿಯಾಗಿದ್ದು, ಮುಂದಿನದು ಬೆಳಗಿಗೇ ಎನ್ನುವಂತಿದ್ದರೆ, ಆಗ ಕಾಯಬೇಕು. ಕಾಯಲಾಗದಿದ್ದರೆ ಉಳಿದವನಿಗೆ ಸೂರು, ಬಿಸಿನೀರು, ಮುಂದಿನ ದಾರಿಯನ್ನು ಯಾರಾದರೂ ಹೆಸರು ಹೇಳಿ ಹೊತ್ತುಕೊಳ್ಳಬೇಕು. ಗಡಿಯ ಎರಡೂ ಕಡೆಯವರು ಅದು ತಮ್ಮದಲ್ಲವೆಂದರೆ ಅದನ್ನು ಅಧರ್ಮವೆಂದು ಕರೆಯಲು ನಾನು ಹಿಂಜರಿಯುವುದಿಲ್ಲ. ಕೊನೆಗೆ, ಹತ್ತು ನಿಮಿಷದ ಗಾಡಿಯನ್ನು ನೀನೇಕೆ ಆರಿಸಿಕೊಂಡೆ ಎಂಬುದನ್ನೂ ಬರೆದು ತಿಳಿಸು ಎಂದು ಕೇಳಿದೆನು.

ಕಾಗದವನ್ನು ಕಮಲಾಪುರದ ಅಂಚೆಗೆ ಹಾಕಿ ಇಂದಿಗೆ ಹನ್ನೊಂದು ದಿನ. ಉತ್ತರವು ಇನ್ನೂ ಬಂದಿಲ್ಲ.